ಹೊಸ್ತಿಲ ಮೇಲೆ ಮಲಗಿದ ಬೆಕ್ಕು

ನಮ್ಮ ಮನೆಯಲ್ಲಿ ಮೂರು ಬೆಕ್ಕುಗಳಿವೆ: ಬೆಳ್ಳಿ, ಪೈಲ್ವಾನ ಮತ್ತು ಗುಂಡ. ಇವರಲ್ಲಿ ಬೆಳ್ಳಿ ತುಂಬ ಮರ್ಯಾದಸ್ಥೆ ಎಂದು ನಾನು ಸುಮಾರು ನಾಲ್ಕು ತಿಂಗಳು ನಂಬಿದ್ದೆ. ಬಂದವರ ಮುಂದೆಲ್ಲ ಹೇಳಿಕೊಂಡೂ ಇದ್ದೆ. ಊಟ ಹಾಕುವ ಹೊತ್ತಿಗೆ ಉಳಿದಿಬ್ಬರು ಕಾಲಿಗೆ ಸುತ್ತಿಕೊಂಡು ಅರಚುತ್ತಿದ್ದರೆ, ಇವಳು ಮಾತ್ರ ಹಾಲಿನ ಕುರ್ಚಿಯ ಕೆಳಗೆ ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿದ್ದಳು. "ನೋಡಿ, ಎಲ್ಲರದೂ ಆದ ಮೇಲೆ ಉಣ್ಣುತ್ತಾಳೆ, ಹಳೇ ಕಾಲದ ಗೃಹಿಣಿ ಥರ" ಎಂದು ತಮಾಷೆ ಮಾಡುತ್ತಿದ್ದೆ. ಈಗ ಆ ತಮಾಷೆ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಮೈಸೂರಿನಲ್ಲಿ ಒಂದು ಮಹಡಿ ಮನೆಯನ್ನು ಬಾಡಿಗೆಗೆ ಹಿಡಿದು ನಾನೂ ನನ್ನ ತಂಗಿಯೂ ಇದ್ದೇವೆ. ನಾನು ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಅವಳು ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಹಾಗಾಗಿ ಬೆಕ್ಕುಗಳ ಊಟದ ಉಸ್ತುವಾರಿ ನನ್ನದು. ಬೆಳ್ಳಿ ಮೊದಲು ಬಂದವಳು. ಪಕ್ಕದ ಮನೆಯವರು ಮನೆ ಖಾಲಿ ಮಾಡುವಾಗ ಬಿಟ್ಟುಹೋದ, ಬೂದು ಬಣ್ಣದ, ಸಣ್ಣ ಮೈಕಟ್ಟಿನ ಬೆಕ್ಕು. ಪೈಲ್ವಾನ ಒಂದು ಮಳೆಗಾಲದಲ್ಲಿ ಮಾಂಸದಂಗಡಿಯ ಹಿಂದಿನ ಚರಂಡಿ ಪಕ್ಕ ಸಿಕ್ಕ ಕೆಂದು ಮರಿ. ತಂದಾಗ ಬೆನ್ನಿನ ಮೂಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಬಟ್ಟಲಿಗೆ ಬಾಯಿ ಹಾಕಿದರೆ ಗುರುಗುಟ್ಟುತ್ತಲೇ ತಿನ್ನುತ್ತಿದ್ದ. ಉಸಿರು ತೆಗೆದುಕೊಳ್ಳಲೂ ತಲೆ ಎತ್ತುತ್ತಿರಲಿಲ್ಲ. ಹೊಟ್ಟೆ ತುಂಬ ಸಿಕ್ಕಿದರೆ ಸರಿಹೋಗುತ್ತಾನೆ ಎಂದುಕೊಂಡೆವು. ಹೊಟ್ಟೆ ತುಂಬಿತು, ಮೈ ತುಂಬಿತು, ಹೆಸರಿಗೆ ತಕ್ಕಂತೆ ಐದೂವರೆ ಕಿಲೋ ತೂಗಿದ. ಗುರುಗುಟ್ಟುವುದೂ ನಿಂತಿತು. ಅದನ್ನು ನಾವು ಒಳ್ಳೆಯ ಲಕ್ಷಣ ಎಂದು ತಿಳಿದೆವು. ಗುಂಡ ಕಳೆದ ಬೇಸಿಗೆಯಲ್ಲಿ ಸೇರಿಕೊಂಡ ಮರಿ. ಅವನಿಗೆ ಯಾರ ಭಯವೂ ಇಲ್ಲ.

ಮೊದಲು ಬಟ್ಟಲುಗಳನ್ನು ಬಾಲ್ಕನಿಯಲ್ಲಿ ದೂರ ದೂರ ಇಡುತ್ತಿದ್ದೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಮೂರನ್ನೂ ಅಡುಗೆಮನೆಯ ಮೂಲೆಗೆ ತಂದೆ. ಸಾಲಾಗಿ ಇಟ್ಟರೆ ಒರೆಸುವುದೂ ಸುಲಭ. ನಮ್ಮ ಅಡುಗೆಮನೆಗೆ ಇರುವುದು ಒಂದೇ ಬಾಗಿಲು. ಇದು ಮುಖ್ಯವಾದ ವಿಷಯ ಎಂದು ಆಗ ನನಗೆ ಅನ್ನಿಸಲಿಲ್ಲ.

ಬೆಳ್ಳಿ ಹಗುರಾಗಿದ್ದಾಳೆ ಎಂದು ಮೊದಲು ಹೇಳಿದ್ದು ತಂಗಿ. ಅಕ್ಟೋಬರಿನ ಒಂದು ರಾತ್ರಿ ಅವಳನ್ನು ಎತ್ತಿಕೊಂಡು, "ಅಣ್ಣ, ಇವಳು ಖಾಲಿ ಚೀಲದ ಥರ ಆಗಿದಾಳೆ ಕಣೋ" ಎಂದಳು. "ಅವಳು ತಿನ್ನೋದೇ ಅಷ್ಟು. ಮೈಕಟ್ಟೇ ಸಣ್ಣದು" ಎಂದೆ. ತಂಗಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಮಾರನೆಯ ದಿನ ಅರ್ಧ ದಿನ ರಜೆ ಹಾಕಿ, ಬೆಳ್ಳಿಯನ್ನು ಬುಟ್ಟಿಯಲ್ಲಿ ಕೂರಿಸಿ, ನನ್ನನ್ನೂ ಎಬ್ಬಿಸಿಕೊಂಡು ಪಶುವೈದ್ಯರ ಹತ್ತಿರ ಹೊರಟಳು.

ಮೇ ತಿಂಗಳಲ್ಲಿ ಲಸಿಕೆ ಹಾಕಿಸಿದಾಗ ಪುಸ್ತಕದಲ್ಲಿ 3.6 ಕಿಲೋ ಎಂದು ಬರೆದಿತ್ತು. ಈಗ ತಕ್ಕಡಿ 2.8 ತೋರಿಸಿತು. ಡಾಕ್ಟರು ಬಾಯಿ ತೆರೆಸಿ ಹಲ್ಲು, ವಸಡು ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇದು ತಿನ್ನೋದನ್ನ ನೀವು ಕಣ್ಣಾರೆ ನೋಡಿದ್ದು ಯಾವಾಗ?"

"ದಿನಾ ತಿಂತಾಳೆ ಸರ್. ಬಟ್ಟಲು ಖಾಲಿ ಆಗಿರುತ್ತೆ."

"ಬಟ್ಟಲು ಖಾಲಿ ಆಗಿರೋದು ಸರಿ. ಇದು ತಿಂದಿದ್ದು ನೋಡಿದೀರಾ?"

ನೋಡಿರಲಿಲ್ಲ. ಮೂರು ಬಟ್ಟಲಿಗೆ ಹಾಕುತ್ತಿದ್ದೆ, ಒಂದು ಗಂಟೆ ಬಿಟ್ಟು ಬಂದರೆ ಮೂರೂ ಖಾಲಿ. ಮೂರು ಬಟ್ಟಲು ಖಾಲಿಯಾದರೆ ಮೂರು ಹೊಟ್ಟೆ ತುಂಬಿತು ಎಂಬುದು ನನ್ನ ಲೆಕ್ಕ. ಡಾಕ್ಟರು ಬೈಯಲಿಲ್ಲ. ಬೆಕ್ಕುಗಳಲ್ಲಿ ಇದು ಸಾಮಾನ್ಯ, ಜಗಳ ಕಾಣಿಸಬೇಕೆಂದೇನೂ ಇಲ್ಲ ಎಂದರು. ಬೆಕ್ಕು ಕೆಲವು ದಿನ ಸರಿಯಾಗಿ ತಿನ್ನದೇ ಹೋದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿಕೊಂಡು ಅದು ಕೆಟ್ಟುಹೋಗಬಹುದು, ಪ್ರಾಣಕ್ಕೇ ಬರಬಹುದು, ಅದಕ್ಕೇ ಬೆಕ್ಕಿನ ಉಪವಾಸವನ್ನು ಹಗುರವಾಗಿ ನೋಡಬಾರದು ಎಂದೂ ಹೇಳಿದರು. ರಕ್ತಪರೀಕ್ಷೆಯಲ್ಲಿ ದೊಡ್ಡ ತೊಂದರೆ ಏನೂ ಕಾಣಲಿಲ್ಲ. ಅಂದರೆ ಬೆಳ್ಳಿಗೆ ಕಾಯಿಲೆ ಇರಲಿಲ್ಲ. ಹಸಿವು ಇತ್ತು.

ಆ ದಿನ ಸಂಜೆ ತಂಗಿ ಒಂದು ಕೆಲಸ ಮಾಡಿದಳು. ತನ್ನ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ವಿಡಿಯೊ ಹಾಕಿ, ನನಗೆ ಎಂದಿನಂತೆ ಊಟ ಹಾಕಲು ಹೇಳಿದಳು. ನಾವಿಬ್ಬರೂ ಹೊರಗೆ ಬಾಲ್ಕನಿಯಲ್ಲಿ ಕೂತೆವು. ನಲವತ್ತು ನಿಮಿಷ ಆದ ಮೇಲೆ ಒಳಗೆ ಹೋಗಿ ನೋಡಿದರೆ ಮೂರು ಬಟ್ಟಲೂ ಖಾಲಿ.

ವಿಡಿಯೊದಲ್ಲಿ ಒಂದು ಸಲವೂ ಕೂಗಾಟವಿಲ್ಲ, ಪಂಜ ಎತ್ತಿದ್ದಿಲ್ಲ, ರೋಮ ನಿಮಿರಿದ್ದಿಲ್ಲ. ಪೈಲ್ವಾನ ತನ್ನ ಬಟ್ಟಲು ಮುಗಿಸುತ್ತಾನೆ. ಬೆಳ್ಳಿ ಬಾಗಿಲ ಹತ್ತಿರ ಬರುತ್ತಾಳೆ. ಪೈಲ್ವಾನ ತಲೆ ಎತ್ತಿ ಅವಳನ್ನು ನೋಡುತ್ತಾನೆ. ಅಷ್ಟೇ. ನೋಡುತ್ತಾನೆ, ಕಣ್ಣು ಮಿಟುಕಿಸುವುದಿಲ್ಲ. ಬೆಳ್ಳಿ ಅಲ್ಲೇ ಕೂತು, ತಾನು ಬಂದದ್ದೇ ಅದಕ್ಕೆ ಎನ್ನುವ ಹಾಗೆ ಮುಂಗಾಲು ನೆಕ್ಕಿಕೊಳ್ಳಲು ಶುರುಮಾಡುತ್ತಾಳೆ. ಆಮೇಲೆ ತಿರುಗಿ ಹೋಗುತ್ತಾಳೆ. ಪೈಲ್ವಾನ ಅವಳ ಬಟ್ಟಲಿಗೆ ಹೋಗಿ ಎರಡು ತುತ್ತು ತಿಂದು, ಬೇಡವಾಗಿ ಬಿಡುತ್ತಾನೆ. ಅವನಿಗೆ ಹಸಿವೂ ಇಲ್ಲ. ನಿಧಾನವಾಗಿ ನಡೆದುಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಉದ್ದಕ್ಕೆ ಮಲಗುತ್ತಾನೆ. ಬೆಳ್ಳಿ ಇನ್ನೆರಡು ಸಲ ಬರುತ್ತಾಳೆ. ಎರಡು ಸಲವೂ ಅವನು ಬಾಲದ ತುದಿಯನ್ನು ಮಾತ್ರ ಅಲ್ಲಾಡಿಸುತ್ತಾನೆ. ಗುಂಡ ಅವನನ್ನು ಹಾರಿಕೊಂಡು ಒಳಹೊಕ್ಕು ಬೆಳ್ಳಿಯ ಪಾಲನ್ನು ಮುಗಿಸುತ್ತಾನೆ.

ನಾನು ಎಷ್ಟೋ ಮಧ್ಯಾಹ್ನ ಆ ಹೊಸ್ತಿಲು ದಾಟುವಾಗ ಪೈಲ್ವಾನನ ಹೊಟ್ಟೆ ಸವರಿ, "ಊಟ ಆಯ್ತಾ ಸಾಹೇಬ್ರೇ, ನಿದ್ದೆನಾ" ಎಂದು ಮಾತಾಡಿಸಿ ಹೋಗಿದ್ದೇನೆ.

ಆಮೇಲೆ ಒಂದು ವಾರ ನಾನು ಪ್ರಬಂಧದ ಕೆಲಸ ಬಿಟ್ಟು ಬೆಕ್ಕುಗಳ ಬಗ್ಗೆ ಓದಿದೆ. ನಮ್ಮ ಮನೆಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾ ಮತ್ತು ಆಫ್ರಿಕಾದ ಒಂದು ಕಾಡುಬೆಕ್ಕು. ಅದು ಒಂಟಿ ಬೇಟೆಗಾರ. ನಾಯಿಯ ಪೂರ್ವಜರ ಹಾಗೆ ಗುಂಪಾಗಿ ದೊಡ್ಡ ಪ್ರಾಣಿ ಹೊಡೆದು ಸುತ್ತ ಕೂತು ತಿಂದ ವಂಶ ಅದಲ್ಲ. ಇಲಿ ಎಂದರೆ ಒಬ್ಬರ ಊಟ, ಅದನ್ನು ಹಂಚಿಕೊಳ್ಳುವ ಮಾತೇ ಇಲ್ಲ. ಹಿಡಿದದ್ದನ್ನು ಒಂಟಿಯಾಗಿ ತಿಂದು, ಮತ್ತೆ ಬೇಟೆಗೆ ಹೊರಟು, ದಿನಕ್ಕೆ ಹತ್ತಾರು ಸಣ್ಣ ಸಣ್ಣ ಊಟ ಮಾಡುವ ಜೀವ. ಅಂಥದ್ದನ್ನು ತಂದು ಮೂರು ಬಟ್ಟಲು ಸಾಲಾಗಿ ಇಟ್ಟು, ದಿನಕ್ಕೆ ಎರಡು ಹೊತ್ತು, ಪಂಕ್ತಿಯಲ್ಲಿ ಕೂತು ಉಣ್ಣಿ ಎಂದು ಹೇಳಿದವನು ನಾನು. ಪಂಕ್ತಿ ನಮ್ಮ ಕಲ್ಪನೆ, ಅವುಗಳದ್ದಲ್ಲ.

ಬೆಕ್ಕುಗಳ ವರ್ತನೆಯನ್ನು ದಶಕಗಳ ಕಾಲ ನೋಡಿ ಬರೆದ ಜರ್ಮನಿಯ ಪೌಲ್ ಲೈಹೌಸೆನ್ ಎಂಬ ವಿಜ್ಞಾನಿ, ಇವುಗಳಲ್ಲಿ ಮೇಲುಕೀಳು ಎಂಬುದು ಜಾಗ ಮತ್ತು ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ ಎಂದು ಗುರುತಿಸಿದ್ದ. ಬಾಲ್ಕನಿಯಲ್ಲಿದ್ದಾಗ ಇಲ್ಲದ ಅಧಿಕಾರ ಒಂದೇ ಬಾಗಿಲಿನ ಅಡುಗೆಮನೆಯಲ್ಲಿ ಪೈಲ್ವಾನನಿಗೆ ಹೇಗೆ ಬಂತು ಎಂಬುದು ಆಗ ಹೊಳೆಯಿತು. ಜಾಗವನ್ನು ನಾನೇ ಕಟ್ಟಿಕೊಟ್ಟಿದ್ದೆ. ಅವನು ಅಲ್ಲಿ ಮಲಗಿದ, ಅಷ್ಟೇ. ಬೆಕ್ಕುಗಳು ಆದಷ್ಟು ಮೈಮೇಲೆ ಬೀಳುವುದಿಲ್ಲ. ಗಾಯವಾದರೆ ಬೇಟೆ ತಪ್ಪುತ್ತದೆ, ಬೇಟೆ ತಪ್ಪಿದರೆ ಉಪವಾಸ. ಅದಕ್ಕೇ ಕಣ್ಣಿನಲ್ಲಿ, ಕೂತ ಜಾಗದಲ್ಲಿ, ಬಾಲದ ತುದಿಯಲ್ಲಿ ವ್ಯವಹಾರ ಮುಗಿಸುತ್ತವೆ. ಮನೆಯವರ ಕಣ್ಣಿಗೆ ಅದು ಶಾಂತಿಯ ಹಾಗೆ ಕಾಣುತ್ತದೆ.

ಆದರೆ ಈ ಓದಿಗಿಂತ ಮೊದಲೇ, ವಿಡಿಯೊ ನೋಡಿದ ಆ ರಾತ್ರಿಯೇ, ಇನ್ನೊಂದು ಮಾತು ನಡೆದಿತ್ತು. ಫೋನು ಕೆಳಗಿಟ್ಟ ತಂಗಿ ಜೋರಾಗಿ ನಕ್ಕಳು. "ಅಣ್ಣ, ಇದು ನೀನೇ ಕಣೋ" ಎಂದಳು.

"ಯಾವುದು?"

"ಪೈಲ್ವಾನ. ಮೊಟ್ಟೆ ಮುಂದೆ ಕೂತಿರೋ ನೀನು."

ಹಾಸನ ಜಿಲ್ಲೆಯ ನಮ್ಮ ಊರಿನ ಮನೆಯಲ್ಲಿ ನಾಲ್ಕೈದು ನಾಟಿ ಕೋಳಿಗಳಿದ್ದವು. ಮೊಟ್ಟೆಗಳಲ್ಲಿ ಕೆಲವನ್ನು ಕಾವಿಗೆ ಕೂರಿಸುತ್ತಿದ್ದರು, ಉಳಿದದ್ದು ಅಂಗಡಿಗೆ. ದಿನಕ್ಕೊಂದು ಮಾತ್ರ ಮನೆಗೆ. ಅದನ್ನು ಅಜ್ಜಿ ಅನ್ನದ ಜೊತೆಗೇ ಬೇಯಿಸಿ, ಸಿಪ್ಪೆ ಸುಲಿದು, ಉಪ್ಪು ಹಚ್ಚಿ ನನ್ನ ತಟ್ಟೆಗೆ ಹಾಕುತ್ತಿದ್ದರು. "ಓದೋ ಹುಡ್ಗ, ತಲೆಗೆ ಶಕ್ತಿ ಬೇಕು." ತಂಗಿಯೂ ಓದುವ ಹುಡುಗಿಯೇ, ನನಗಿಂತ ಮೂರು ವರ್ಷ ಚಿಕ್ಕವಳು. ಅವಳ ವಿಷಯಕ್ಕೆ ಎರಡು ಮಾತುಗಳಿದ್ದವು. ಒಂದು, ಮೊಟ್ಟೆ ಉಷ್ಣ, ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ. ಇನ್ನೊಂದು, ಅವಳಿಗೆ ಮೊಟ್ಟೆ ಇಷ್ಟವಿಲ್ಲ. ಎರಡನೆಯದನ್ನು ಅಮ್ಮ, ಅಪ್ಪ, ನಾನು, ಮನೆಗೆ ಬಂದ ನೆಂಟರು ಎಲ್ಲರೂ ಹೇಳುತ್ತಿದ್ದೆವು. ನಮ್ಮ ಮನೆಯ ಹಿತ್ತಿಲಲ್ಲಿ ಹಲಸಿನ ಮರ ಇದೆ ಎನ್ನುವಷ್ಟೇ ಖಚಿತವಾಗಿ.

"ನಿಂಗೆ ಮೊಟ್ಟೆ ಇಷ್ಟ ಇರ್ಲಿಲ್ವಲ್ಲೇ" ಎಂದೆ.

"ಯಾರು ಹೇಳಿದ್ದು?"

ಉತ್ತರ ಹುಡುಕುತ್ತಿರುವಾಗ ನನಗೆ ಒಂದು ವಿಷಯ ಕಂಡಿತು. ಎರಡು ವರ್ಷದಿಂದ ಪ್ರತಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳು ಎರಡು ಮೊಟ್ಟೆಯ ಆಮ್ಲೆಟ್ ಮಾಡಿಕೊಂಡು, ಒಲೆಯ ಹತ್ತಿರವೇ ನಿಂತು ತಿನ್ನುತ್ತಾಳೆ. ದಿನವೂ ನೋಡಿದ್ದೇನೆ. ಊರು ಬಿಟ್ಟ ಮೇಲೆ ರುಚಿ ಬದಲಾಗಿರಬೇಕು ಎಂದುಕೊಂಡು ಸುಮ್ಮನಿದ್ದೆ.

"ಕೇಳಿದ್ರೆ ಕೊಡ್ತಿದ್ದೆ ಕಣೆ. ನಾನೇನು ತಡೆದಿದ್ನಾ?"

"ಪೈಲ್ವಾನ ತಡೆದ್ನಾ? ಮಲಗಿದ್ದ, ಅಷ್ಟೇ."

ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು. ಒಂದನೇ ಕ್ಲಾಸೋ ಎರಡನೇ ಕ್ಲಾಸೋ ಇರಬಹುದು, ಒಂದು ದಿನ ನನ್ನ ತಟ್ಟೆಯ ಕಡೆ ಕೈ ತಂದಿದ್ದಳಂತೆ. ನಾನು ಕಿರುಚಲಿಲ್ಲ, ಅಜ್ಜಿಗೆ ದೂರು ಹೇಳಲಿಲ್ಲ. ತಟ್ಟೆಯನ್ನು ಆ ಕಡೆ ತಿರುಗಿಸಿಕೊಂಡು ಅವಳನ್ನೇ ನೋಡಿದೆನಂತೆ. "ಆವತ್ತಿಂದ ನಂಗೆ ಇಷ್ಟ ಇಲ್ಲ ಅಂತ ನಾನೇ ಹೇಳೋಕೆ ಶುರು ಮಾಡ್ದೆ. ಹಾಗೆ ಹೇಳಿದ್ರೆ ಬೇಜಾರಾಗಲ್ಲ." ನನಗೆ ಅದು ನೆನಪೇ ಇಲ್ಲ. ನೆನಪಿಟ್ಟುಕೊಳ್ಳುವ ಅಗತ್ಯ ನನಗೆ ಇರಲಿಲ್ಲ.

ನಾವೆಲ್ಲ ಚಿಕ್ಕಂದಿನಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳಿದವರೇ. ಬೆಕ್ಕು ಸಾಕಲೆಂದು ಕೃಷ್ಣದೇವರಾಯ ಎಲ್ಲರಿಗೂ ಒಂದೊಂದು ಹಸು ಕೊಟ್ಟ. ರಾಮಕೃಷ್ಣ ಮೊದಲ ದಿನವೇ ತನ್ನ ಬೆಕ್ಕಿಗೆ ಕುದಿಯುವ ಹಾಲು ಇಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಹಾಲನ್ನೆಲ್ಲ ಮನೆಯವರೇ ಕುಡಿದರು. ರಾಜನ ಮುಂದೆ ನಿಂತು, ಏನು ಮಾಡಲಿ ಮಹಾಪ್ರಭು, ನನ್ನ ಬೆಕ್ಕಿಗೆ ಹಾಲೇ ಸೇರುವುದಿಲ್ಲ ಎಂದ. ನಾವು ಕೇಳಿ ನಕ್ಕದ್ದು ರಾಮಕೃಷ್ಣನ ಜಾಣತನಕ್ಕೆ. ಬೆಕ್ಕಿನ ನಾಲಿಗೆಯ ಬಗ್ಗೆ ನಾನಂತೂ ಯೋಚಿಸಿರಲಿಲ್ಲ.

ನಾಚಿಕೆಯ ವಿಷಯವೆಂದರೆ ನನ್ನ ಸಂಶೋಧನೆಯೇ ಪಡಿತರದ ಬಗ್ಗೆ. ಒಂದು ಚೀಟಿಗೆ ಎಷ್ಟು ಅಕ್ಕಿ ಬಂತು, ಎಷ್ಟು ದಿನಕ್ಕೆ ಮುಗಿಯಿತು ಎಂದು ಹಳ್ಳಿಗಳಲ್ಲಿ ಕೇಳಿಕೊಂಡು ತಿರುಗಿದವನು ನಾನು. ಲೆಕ್ಕದಲ್ಲಿ ಕುಟುಂಬ ಎಂಬುದು ಒಂದು ಸಾಲು. ಅಕ್ಕಿ ಹೊಸ್ತಿಲು ದಾಟಿ ಒಳಗೆ ಹೋದ ಮೇಲೆ ಯಾರ ತಟ್ಟೆಗೆ ಎಷ್ಟು ಬಿತ್ತು ಎಂಬುದು ಆ ಸಾಲಿನಲ್ಲಿ ಕಾಣುವುದಿಲ್ಲ. ಅಮರ್ತ್ಯ ಸೇನ್ ಇದನ್ನೇ ಬಹಳ ಹಿಂದೆ ಹೇಳಿದ್ದಾರೆ. ಅವರು ಎತ್ತಿ ತೋರಿಸಿದ ಒಂದು ಸಮೀಕ್ಷೆಯನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಬಂಗಾಳದ ಬರಗಾಲದ ಮರುವರ್ಷ, 1944ರಲ್ಲಿ, ಕಲ್ಕತ್ತಾ ಬಳಿಯ ಸಿಂಗೂರಿನಲ್ಲಿ ಜನರ ಆರೋಗ್ಯ ವಿಚಾರಿಸಿದರು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇ. 48.5ರಷ್ಟು ಮಂದಿ ತಮಗೆ ಕಾಯಿಲೆ ಇದೆ ಅಥವಾ ಆರೋಗ್ಯ ಅಷ್ಟಕ್ಕಷ್ಟೇ ಎಂದರು. ವಿಧವೆಯರಲ್ಲಿ ಹಾಗೆ ಹೇಳಿದವರು ಶೇ. 2.5. ವಿಧವೆಯರು ಗಂಡಸರಿಗಿಂತ ಗಟ್ಟಿಯಾಗಿದ್ದರು ಎಂದು ಇದರ ಅರ್ಥವಲ್ಲ. ತಮ್ಮ ಮೈ ಬಗ್ಗೆ ದೂರು ಹೇಳಬಹುದು ಎಂಬುದೇ ಅವರ ಎಣಿಕೆಯಲ್ಲಿ ಇರಲಿಲ್ಲ. ಈ ಅಂಕಿಗಳನ್ನು ನಾನು ಉತ್ತರಪತ್ರಿಕೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೇನೆ. ಮನೆಗೆ ಬಂದು, ಬೆಳ್ಳಿ ತಿನ್ನುವುದೇ ಅಷ್ಟು ಎಂದಿದ್ದೇನೆ.

ಬೆಳ್ಳಿಯ ವಿಷಯದಲ್ಲಿ ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಡಾಕ್ಟರು ಹೇಳಿದ ಹಾಗೆ ಮೂವರ ಊಟವನ್ನೂ ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳದ ಹಾಗೆ ಬೇರೆ ಮಾಡಿದೆವು. ಬೆಳ್ಳಿಗೆ ತಂಗಿಯ ಕೋಣೆ, ಬಾಗಿಲು ಹಾಕಿ. ಪೈಲ್ವಾನನಿಗೆ ಬಚ್ಚಲಮನೆಯ ಪಕ್ಕದ ಓಣಿ. ಗುಂಡನಿಗೆ ಬಾಲ್ಕನಿ. ಎರಡು ಹೊತ್ತಿನ ಊಟವನ್ನು ನಾಲ್ಕು ಹೊತ್ತಿಗೆ ಒಡೆದೆವು. ನೀರಿನ ಬಟ್ಟಲನ್ನೂ ಮೂರು ಕಡೆ ಇಟ್ಟೆವು, ಏಕೆಂದರೆ ಹೊಸ್ತಿಲಲ್ಲಿ ಮಲಗಿದವನು ನೀರಿಗೂ ಅಡ್ಡ ಬರುತ್ತಾನೆ. ಇಪ್ಪತ್ತು ನಿಮಿಷ ಬಿಟ್ಟು ಬಟ್ಟಲು ಎತ್ತುವುದು, ಯಾರು ಎಷ್ಟು ಬಿಟ್ಟರು ಎಂದು ಬರೆದಿಡುವುದು.

ಪೈಲ್ವಾನನಿಗೆ ಬೈಯಬಾರದು ಎಂದೂ ಡಾಕ್ಟರು ಹೇಳಿದ್ದರು. ಊಟದ ಹೊತ್ತಿನಲ್ಲಿ ಗದರಿದರೆ, ಊಟ ಎಂದರೆ ಅಪಾಯ ಎಂಬ ಅವನ ಹಳೆಯ ತಿಳಿವಳಿಕೆ ಗಟ್ಟಿಯಾಗುತ್ತದೆಯಂತೆ. ಚರಂಡಿ ಪಕ್ಕದ ಮರಿ ಕಲಿತದ್ದು ಅದನ್ನೇ. ಈಗ ಐದೂವರೆ ಕಿಲೋ ಇದ್ದರೂ ಅವನ ಹೊಟ್ಟೆಯೊಳಗೆ ಆ ಮರಿ ಇನ್ನೂ ಇದೆ. ಇದನ್ನು ಕೇಳಿ ನನಗೆ ಅವನ ಮೇಲೆ ಕನಿಕರ ಹುಟ್ಟಿತು, ಜೊತೆಗೇ ನನ್ನ ಬಗ್ಗೆ ಒಂದು ಅನುಮಾನವೂ. ನಾನು ಯಾವ ಚರಂಡಿಯಲ್ಲೂ ಹಸಿದಿರಲಿಲ್ಲ. ಬೇಯಿಸಿ, ಸುಲಿದು, ಉಪ್ಪು ಹಚ್ಚಿ ಕೊಟ್ಟದ್ದನ್ನು ಕಾಯುತ್ತಿದ್ದೆ. ಪೈಲ್ವಾನನಿಗೆ ಇರುವ ನೆಪ ನನಗಿಲ್ಲ.

ಒಂದು ಭಾನುವಾರ ನಾನು ಆರು ಮೊಟ್ಟೆ ತಂದು ಬೇಯಿಸಿ, ಸುಲಿದು, ಉಪ್ಪು ಮೆಣಸು ಹಾಕಿ ತಟ್ಟೆಯನ್ನು ತಂಗಿಯ ಮುಂದೆ ಇಟ್ಟೆ. ಅವಳು ಒಂದನ್ನು ತಿಂದಳು. "ಚೆನ್ನಾಗಿದೆ. ಆದ್ರೆ ನಾಟಕ ಬೇಡ. ಆರು ಮೊಟ್ಟೆ ಕೊಟ್ಟು ಲೆಕ್ಕ ಚುಕ್ತಾ ಮಾಡ್ಕೊಬೇಡ" ಎಂದಳು. ಆಮೇಲೆ, "ಮುಂದಿನ ಸಲ ಊರಿಗೆ ಹೋದಾಗ ಅಮ್ಮ ಯಾವಾಗ ಉಣ್ತಾರೆ ಅಂತ ನೋಡು" ಎಂದಳು. ಅಜ್ಜಿ ಈಗಿಲ್ಲ. ಇದ್ದಿದ್ದರೆ ಅವರನ್ನು ಏನು ಕೇಳುತ್ತಿದ್ದೆನೋ ತಿಳಿಯದು. ಅವರು ಯಾವಾಗ, ಏನು ಉಣ್ಣುತ್ತಿದ್ದರು ಎಂಬುದನ್ನೂ ನಾನು ನೋಡಿದವನಲ್ಲ.

ನನ್ನ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆಯಿತ್ತು: "ಮನೆಯಲ್ಲಿ ಎಲ್ಲರಿಗೂ ಊಟ ಸಾಕಾಗುತ್ತದೆಯೇ?" ಹೋದ ಹಳ್ಳಿಗಳಲ್ಲಿ ಹೆಚ್ಚಿನ ಹೆಂಗಸರು "ಸಾಕಾಯ್ತದೆ" ಎಂದಿದ್ದರು. ನಾನು ಹೌದು ಎಂಬ ಚೌಕದಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋಗಿದ್ದೆ. ಆ ಪ್ರಶ್ನೆಯನ್ನು ಈಗ ಬದಲಾಯಿಸಿದ್ದೇನೆ. ನಿನ್ನೆ ರಾತ್ರಿ ಮೊದಲು ಉಂಡವರು ಯಾರು, ಕೊನೆಗೆ ಉಂಡವರು ಯಾರು, ಕೊನೆಯವರು ಕೂತಾಗ ಪಾತ್ರೆಯಲ್ಲಿ ಏನು ಉಳಿದಿತ್ತು ಎಂದು ಕೇಳುತ್ತೇನೆ. ಸಾಧ್ಯವಾದ ಕಡೆ ಊಟದ ಹೊತ್ತಿಗೇ ಹೋಗುತ್ತೇನೆ. ಇದರಿಂದ ಕೆಲಸ ಕೆಲವು ತಿಂಗಳು ಹಿಂದೆ ಬಿದ್ದಿದೆ. ಮಾರ್ಗದರ್ಶಕರಿಗೆ ಕಾರಣ ಹೇಳುವಾಗ ಬೆಕ್ಕಿನ ವಿಷಯ ಎತ್ತಲಿಲ್ಲ.

ಬೆಳ್ಳಿ ಈಗ 3.3 ಕಿಲೋ ಇದ್ದಾಳೆ. ಪೈಲ್ವಾನ ಊಟವಾದ ಮೇಲೆ ಇನ್ನೂ ಅಡುಗೆಮನೆಯ ಹೊಸ್ತಿಲ ಮೇಲೆಯೇ ಮಲಗುತ್ತಾನೆ, ಒಳಗೆ ಕಾಯುವುದಕ್ಕೆ ಏನೂ ಇಲ್ಲದಿದ್ದರೂ. ಮೊದಮೊದಲು ಬೆಳ್ಳಿ ಕೋಣೆಯಲ್ಲಿ ಒಬ್ಬಳೇ ಇದ್ದಾಗಲೂ ಎರಡು ತುತ್ತಿಗೊಮ್ಮೆ ತಲೆ ಎತ್ತಿ ಬಾಗಿಲು ನೋಡುತ್ತಿದ್ದಳು. ಅದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇವತ್ತು ಬೆಳಿಗ್ಗೆ ಇಪ್ಪತ್ತು ನಿಮಿಷವಾಯಿತೆಂದು ಬಾಗಿಲು ತೆರೆದೆ. ಬಟ್ಟಲಲ್ಲಿ ಇನ್ನೂ ಅರ್ಧ ಉಳಿದಿತ್ತು. ನನ್ನನ್ನು ಕಂಡ ಕೂಡಲೇ ಅವಳು ಬಟ್ಟಲಿನಿಂದ ಹಿಂದೆ ಸರಿದು ಮುಂಗಾಲು ನೆಕ್ಕಿಕೊಳ್ಳಲು ಶುರುಮಾಡಿದಳು. ಅದರ ಅರ್ಥ ಈಗ ನನಗೆ ಗೊತ್ತು. ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಹೊರಗೆ ಕೂತೆ.